ಬೈಗುಳ ನಿಂತ ಮನೆ

ನಮ್ಮ ಮನೆಯಲ್ಲಿ ಜಗಳವಿಲ್ಲದೆ ಯಾರೂ ಉಂಡದ್ದು ನನಗೆ ನೆನಪಿಲ್ಲ. ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ ನಮ್ಮದು. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಅದರ ಮೂಲೆಗೇ ಬಚ್ಚಲು, ಮೇಲೆ ಮಣ್ಣಿನ ಮಾಳಿಗೆ. ಅಪ್ಪ ಫಕ್ಕೀರಪ್ಪ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಅವ್ವ ನೀಲವ್ವ ಕುರ್ತಕೋಟಿಯ ಒಕ್ಕಲುತನದ ಮನೆಯಿಂದ ಬಂದವಳು. ಅವರಿಗೆ ನಾನೊಬ್ಬಳೇ ಮಗಳು. ಅಪ್ಪ ಸಂಜೆ ಸೈಕಲ್ಲನ್ನು ಗೋಡೆಗೆ ಒರಗಿಸಿ, ಕಾಲು ತೊಳೆದುಕೊಂಡು ತಾಟಿನ ಮುಂದೆ ಕುಳಿತನೆಂದರೆ ಮುಗಿಯಿತು, ಶುರು.

"ಏನಿದು, ಉಪ್ಪಿನ ಡಬ್ಬಿ ಪೂರಾ ಸುರುವಿಯೇನು?"

"ಬೀಡಿ ಸೇದಿ ಸೇದಿ ನಿಮ್ಮ ನಾಲಿಗಿ ಸುಟ್ಟೈತಿ. ಪಲ್ಯಾ ಏನ್ ಮಾಡೀತು ಪಾಪ?"

"ನಿಮ್ಮಪ್ಪನ ಮನ್ಯಾಗ ಹಿಂಗ ಉಣ್ಣತಿದ್ರೇನು?"

"ನಮ್ಮಪ್ಪನ ಮನ್ಯಾಗ ಉಂಡು ಬೆರಳು ನೆಕ್ಕತಿದ್ರು. ನೀವೂ ನೆಕ್ಕೀರಿ, ನಾ ನೋಡೀನಿ."

ಅಪ್ಪ ನಗುತ್ತಿದ್ದ, ನಗು ಕಾಣಬಾರದೆಂದು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಅವ್ವ ಇನ್ನೊಂದು ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಎಸೆದ ಹಾಗೆ ಹಾಕುತ್ತಿದ್ದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಅಷ್ಟು ಹೊತ್ತೂ ತಾಳುತ್ತಿರಲಿಲ್ಲ, ಎರಡನೆಯ ರೊಟ್ಟಿಗೆ ತೀರಿಹೋಗುತ್ತಿತ್ತು. ಬೆಳಿಗ್ಗೆ ನೀರು ಕಾಯಲಿಲ್ಲ ಅಂತ ಒಂದು ಜಗಳ, ಅಂಗಿಯ ಗುಂಡಿ ಹೋಗಿದೆ ಅಂತ ಒಂದು, ಗುಂಡಿ ಹಚ್ಚಿದರೆ ಬೇರೆ ಬಣ್ಣದ ದಾರ ಹಾಕಿದಳು ಅಂತ ಮತ್ತೊಂದು. ನನಗಂತೂ ಮನೆ ಅಂದರೆ ಆ ಸದ್ದೇ. ಶಾಲೆಯಿಂದ ಬರುವಾಗ ಓಣಿಯ ತಿರುವಿನಲ್ಲೇ ಇಬ್ಬರ ದನಿ ಕೇಳಿದರೆ ಜೀವಕ್ಕೆ ಸಮಾಧಾನ. ಅಪ್ಪ ಜೀವಂತ ಬಂದಿದ್ದಾನೆ ಅಂತ ಅದರ ಅರ್ಥ.

ಹಾಗೆ ಅಂದುಕೊಳ್ಳುವುದು ಲೈನ್‌ಮನ್ ಮನೆಯಲ್ಲಿ ಹುಟ್ಟಿದವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಪ್ಪನ ಜೋಡಿ ಕೆಲಸಗಾರ ಮೌಲಾಸಾಬ. ನನಗೆ ಅವನು ಮೌಲಾಸಾಬ ಕಾಕಾ, ಅವ್ವ ಅವನಿಗೆ ವೈನಿ, ಅಂದರೆ ಅತ್ತಿಗೆ. ಅವರ ಕೆಲಸದ ರೀತಿ ಹೀಗಿತ್ತು: ಕಾಕಾ ಟ್ರಾನ್ಸ್‌ಫಾರ್ಮರಿನಿಂದ ಫ್ಯೂಸು ಕಿತ್ತು ಕಿಸೆಯಲ್ಲಿ ಇಟ್ಟುಕೊಳ್ಳಬೇಕು, ಅಪ್ಪ ಕಂಬ ಹತ್ತಬೇಕು. ಅಪ್ಪ ಇಳಿದು, ಚಪ್ಪಲಿ ಮೆಟ್ಟಿ, ಬೀಡಿ ಹಚ್ಚುವ ತನಕ ಕಾಕಾನ ಕಿಸೆಯಿಂದ ಫ್ಯೂಸು ಹೊರಗೆ ಬರುವಂತಿಲ್ಲ. ಹಿಟ್ಟಿನ ಗಿರಣಿಯವನು ಬಂದು ಕೈಮುಗಿದರೂ ಇಲ್ಲ, ಊರ ಗೌಡ ಬಂದು ಗದರಿದರೂ ಇಲ್ಲ. ಆ ಕಿಸೆಯ ಮೇಲೆ ಅವ್ವನಿಗೆ ದೇವರ ಮೇಲಿದ್ದಷ್ಟೇ ನಂಬಿಕೆ. ಆದರೆ ಅಪ್ಪ ಬರಿಗೈಯಲ್ಲಿ ತಂತಿ ಮುಟ್ಟುವುದು ಅವಳಿಗೆ ಸಮ್ಮತವಿರಲಿಲ್ಲ. ಮಿಕ್ಕ ಜಗಳಗಳೆಲ್ಲ ಬಾಯಿ ಚಪಲಕ್ಕೆ. ಇದೊಂದನ್ನು ಅವಳು ಹೊಟ್ಟೆಯಲ್ಲಿ ಸಂಕಟ ಇಟ್ಟುಕೊಂಡು ಆಡುತ್ತಿದ್ದಳು. ಆಫೀಸಿನಿಂದ ಅಪ್ಪನಿಗೆ ರಬ್ಬರಿನ ಕೈಗವಸು ಕೊಟ್ಟ ದಿನ ಅವನು ಅದನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಬಂದ. ಮೊಳಕೈವರೆಗೆ ಬರುವ, ದಪ್ಪ, ಕಂದು ಬಣ್ಣದ ಕೈಗವಸು.

"ಇದನ್ನ ಹಾಕ್ಕೊಂಡ್ರ ಪಕ್ಕಡ್ ಹಿಡಿಯಾಕ ಬರಂಗಿಲ್ಲ, ನಟ್ ತಿರುವಾಕ ಬರಂಗಿಲ್ಲ. ಹೆಂಗಸರು ಬಳಿ ಇಟ್ಕೊಂಡಂಗ ಆಕ್ಕೈತಿ," ಅಂದ ಅಪ್ಪ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನೀವು ಅದನ್ನ ಹಾಕ್ಕೊಂಡ್ರ ನನ್ನ ಕೈಯಾಗಿನ ಬಳಿ ಉಳೀತಾವು. ಬ್ಯಾಡ ಅಂದ್ರ ಈಗ ಹೇಳ್ರಿ, ನಾನ ತಗದು ಇಡ್ತೀನಿ."

ಅಪ್ಪ ಕೈಗವಸಿನೊಳಗೆ ಬೆರಳು ತೂರಿಸಿ ನೋಡಿದ. ಮರುದಿನದಿಂದ ಹಾಕಿಕೊಳ್ಳತೊಡಗಿದ. ಅವ್ವ ಗೆದ್ದ ಜಗಳಗಳಲ್ಲಿ ಅದು ದೊಡ್ಡದು. ಮೌಲಾಸಾಬ ಕಾಕಾ ಊಟಕ್ಕೆ ಬಂದಾಗ ಅವನ ಮುಂದೆ ಸಾಕ್ಷಿ ಕೇಳುತ್ತಿದ್ದಳು, "ಖರೇ ಹೇಳ ಮೌಲಾಸಾಬ, ಹಾಕ್ಕೊಂಡಿದ್ರೋ ಇಲ್ಲೋ?" ಅವನು "ಅಲ್ಲಾನ ಆಣಿ ವೈನಿ, ಹಾಕ್ಕೊಂಡಿದ್ದ. ಈಗ ಅದರ ಜೋಡೀನ ಚಾ ಕುಡೀತಾನ," ಅನ್ನುತ್ತಿದ್ದ.

ಆಫೀಸಿನಲ್ಲಿ ಇಟ್ಟರೆ ಇನ್ನೊಬ್ಬರು ಒಯ್ಯುತ್ತಾರೆಂದು ಕೈಗವಸು ಮನೆಗೇ ಬರುತ್ತಿತ್ತು. ಬಂದದ್ದೇ ಅವ್ವನ ವಶ. ಅಡುಗೆಮನೆಯ ಗೋಡೆಯ ಹಲಗೆ, ನಾಗೊಂದಿಗೆಯ ಮೇಲೆ, ತವರಿನಿಂದ ತಂದ ಹಿತ್ತಾಳೆ ಕೊಡಗಳ ಪಕ್ಕದಲ್ಲಿ ಅದಕ್ಕೊಂದು ಜಾಗ ಮಾಡಿದಳು. ಬೆವರಿನ ನಾತ ಹೋಗಲೆಂದು ಸಾಬೂನು ಹಚ್ಚಿ ತೊಳೆದಳು. ಹಿತ್ತಲ ಹಗ್ಗಕ್ಕೆ ಬೆರಳು ಕೆಳಗಾಗಿ ಸಿಕ್ಕಿಸಿ ಬಿಸಿಲಿಗೆ ಒಣಹಾಕಿದಳು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿದ್ದರೆ ಹೆಚ್ಚು ಹೇಳಬೇಕಾಗಿಲ್ಲ. ಕೆಲವು ತಿಂಗಳಲ್ಲಿ ರಬ್ಬರು ಬಿಳಿಚಿಕೊಂಡು, ಬೆರಳ ಸಂದಿಯಲ್ಲಿ ಸಣ್ಣ ಗೆರೆ ಬಿಟ್ಟಿತು. ಅವ್ವ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಮಗುವಿನ ಕೈ ಒಡೆದಿರುವಂತೆ ಮರುಗಿದಳು. ಕುರ್ತಕೋಟಿಯಲ್ಲಿ ಅವಳ ಅಪ್ಪ ಎತ್ತು ಕಟ್ಟುವ ತೊಗಲಿನ ಹಗ್ಗವಾದ ಮಿಣಿ, ಬಾರುಕೋಲು ಒಣಗಿ ಸೀಳದಂತೆ ಎಣ್ಣೆ ಉಣಿಸುತ್ತಿದ್ದನಂತೆ. ಎಣ್ಣೆ ಕುಡಿದ ತೊಗಲು ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಅನ್ನುವುದು ಆ ಮನೆಯ ಮಾತು. ಅವ್ವ ಗಾಣದ ಕುಸುಬೆ ಎಣ್ಣೆಯನ್ನು ಬಟ್ಟಲಿಗೆ ಹಾಕಿಕೊಂಡು ಪಡಸಾಲೆಯ ಬಾಗಿಲಲ್ಲಿ ಕುಳಿತು ಒಂದೊಂದೇ ಬೆರಳಿಗೆ ಹಚ್ಚಿದಳು. ನಾನು ಎದುರಿಗೆ ಕುಳಿತು ಮಗ್ಗಿ ಹೇಳುತ್ತಿದ್ದೆ. ಎರಡು ದಿನಕ್ಕೆ ಕೈಗವಸು ಮೆತ್ತಗಾಗಿ, ಹೊಳಪು ಬಂದು, ಹೊಸದರಂತೆ ಕಂಡಿತು.

"ನೋಡ್ರಿ, ಹೆಂಗ ಮಾಡೀನಿ," ಅಂತ ಅಪ್ಪನ ಮುಂದೆ ಹಿಡಿದಳು.

"ಆತ್ ಬಿಡು, ನಿನ್ನ ಕೈಯಾಗ ಸಿಕ್ಕ ಮ್ಯಾಲ ಮೆತ್ತಗ ಆಗಲೇಬೇಕಲ್ಲ. ನಾನ ಆಗೀನಿ," ಅಂದ ಅಪ್ಪ. ಹೇಗೆ ಮೆತ್ತಗಾಯಿತು ಅಂತ ಅವನು ಕೇಳಲಿಲ್ಲ. ಎಣ್ಣೆ ಹಚ್ಚಿದೆ ಅಂತ ಅವಳಿಗೂ ಹೇಳಬೇಕೆನಿಸಲಿಲ್ಲ. ಮನೆಯ ಸಾಮಾನನ್ನು ಹೇಗೆ ಜೋಪಾನ ಮಾಡುತ್ತೇನೆಂದು ಯಾವ ಹೆಂಗಸು ಗಂಡನಿಗೆ ವಿವರಿಸುತ್ತಾಳೆ? ವಾರಕ್ಕೊಮ್ಮೆ ತನ್ನ ತಲೆಗೆ ಹಚ್ಚಿಕೊಳ್ಳುವಾಗ ಕೈಗವಸಿಗೂ ಹಚ್ಚುತ್ತಿದ್ದಳು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ತಂತಿ ಕತ್ತರಿಸುವ ಪಕ್ಕಡ್, ಹಗ್ಗ, ಸೊಂಟದ ಪಟ್ಟಿಯ ಜೊತೆ ಅದಕ್ಕೂ ವಿಭೂತಿ ಬಳಿದು, ಹೂ ಏರಿಸಿ, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಿದ್ದಳು. ಏನು ಬೇಡಿಕೊಂಡಳೆಂದು ನಾನು ಕೇಳಬೇಕಾಗಿರಲಿಲ್ಲ.

ಅಪಘಾತವಾದದ್ದು ಮಧ್ಯಾಹ್ನ, ನಡು ಪೇಟೆಯಲ್ಲಿ. ಟ್ರಾನ್ಸ್‌ಫಾರ್ಮರಿನ ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಫ್ಯೂಸು ಸುಟ್ಟಿತ್ತು. ಅದನ್ನು ಬದಲಿಸಬೇಕಾದರೆ ಮೇಲಿನ ಸ್ವಿಚ್ಚು ಇಳಿಸಿ ಇಡೀ ಪೇಟೆಯ ಕರೆಂಟ್ ತೆಗೆಯಬೇಕು. ಕಾಕಾ ಅದಕ್ಕೇ ಹೊರಟಿದ್ದ. ಅಪ್ಪ ತಡೆದನಂತೆ. "ಸಂತಿ ದಿನ, ಯಾಕ ಮಂದೀಗೆ ತ್ರಾಸ? ಗ್ಲೌಸ್ ಹಾಕ್ಕೊಂಡೀನಿ, ನನಗೇನಾಕ್ಕೈತಿ?" ಅಂದನಂತೆ. ಬರಿಗೈಯಲ್ಲಿ ಕೆಲಸ ಮಾಡುತ್ತಿದ್ದ ಅಷ್ಟು ವರ್ಷ ಅವನು ಎಂದೂ ಹಾಗೆ ಅಂದವನಲ್ಲ, ಕಾಕಾನ ಕಿಸೆ ಮುಟ್ಟಿ ನೋಡದೆ ಕೈ ಹಾಕಿದವನಲ್ಲ. ಕೈಗವಸಿದೆ ಅನ್ನುವ ಧೈರ್ಯಕ್ಕೆ ಎಡಗೈ ಒಳಗಿಟ್ಟ. ಕರೆಂಟು ಹಿಡಿದುಕೊಂಡಿತು. ಕಾಕಾ ಅಲ್ಲೇ ಅಂಗಡಿಯೊಂದರ ತಟ್ಟಿಗೆ ಆಧಾರ ಕೊಟ್ಟಿದ್ದ ಒಣ ಬಿದಿರಿನ ಗಳ ಕಿತ್ತು ಅವನ ತೋಳಿಗೆ ಹೊಡೆದು ಬಿಡಿಸಿದ. ಜೀಪಿನಲ್ಲಿ ಹಾಕಿಕೊಂಡು ಮುಳಗುಂದದ ದಾರಿಯಲ್ಲಿ ಗದಗಿನ ದವಾಖಾನೆಗೆ ಒಯ್ದರು. ಜೀವ ಉಳಿಯಿತು. ಎಡಗೈಯ ಕಿರುಬೆರಳು ಮತ್ತು ಉಂಗುರದ ಬೆರಳು ಉಳಿಯಲಿಲ್ಲ.

ಈಗ ನಾನು ಗದಗಿನ ಒಂದು ತರಬೇತಿ ಕೇಂದ್ರದಲ್ಲಿ ಹುಡುಗರಿಗೆ ವೈರಿಂಗ್ ಕೆಲಸ ಕಲಿಸುತ್ತೇನೆ. ಮೊದಲ ದಿನವೇ ಕೈಗವಸು ಕೊಟ್ಟು, ಬಾಯಿಯ ಕಡೆಯಿಂದ ಸುರುಳಿ ಸುತ್ತಿ ಒಳಗೆ ಗಾಳಿ ಹಿಡಿಸಿ, ಕೆನ್ನೆಗೆ ಹಿಡಿದು ನೋಡಲು ಹೇಳುತ್ತೇನೆ. ಎಲ್ಲಾದರೂ ಸೂಜಿಮೊನೆಯಷ್ಟು ತೂತಿದ್ದರೂ ಕೆನ್ನೆಗೆ ಗಾಳಿ ತಾಗುತ್ತದೆ. ರಬ್ಬರಿಗೆ ಬಿಸಿಲು ವೈರಿ, ಎಣ್ಣೆ ಅದಕ್ಕಿಂತ ದೊಡ್ಡ ವೈರಿ. ಎಣ್ಣೆ ಕುಡಿದ ರಬ್ಬರು ಉಬ್ಬುತ್ತದೆ, ಮೆತ್ತಗಾಗುತ್ತದೆ, ನೋಡಲು ಚೆಂದ ಕಾಣುತ್ತದೆ, ಒಳಗಿನ ಬಿಗಿ ಹೋಗಿರುತ್ತದೆ. ಹುಡುಗರು ಗಾಳಿ ಹಿಡಿಸದೆ ಹಾಕಿಕೊಂಡರೆ ನಾನು ಬೈಯುವ ಬೈಗುಳ ಪಕ್ಕದ ಕ್ಲಾಸಿಗೂ ಕೇಳುತ್ತದೆ. ಇಷ್ಟು ಜೋರು ಬಾಯಿ ಎಲ್ಲಿಂದ ಬಂತು ಮೇಡಂ ಅಂತ ಒಬ್ಬ ಕೇಳಿದ್ದ. ಅವನಿಗೂ ಬೈದೆ.

ಆಗ ದವಾಖಾನೆಯಲ್ಲಿ ಅಪ್ಪನನ್ನು ನೋಡಲು ಆಫೀಸಿನ ಸಾಹೇಬರೊಬ್ಬರು ಬಂದರು. ಕಾಕಾ ಆ ಕೈಗವಸನ್ನು ಕಾಗದದಲ್ಲಿ ಸುತ್ತಿ ತಂದಿದ್ದ. ಅವ್ವ ಚಹಾ ತರಲು ಕೆಳಗೆ ಹೋಗಿದ್ದಳು. ನಾನು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕುಳಿತಿದ್ದೆ. ಸಾಹೇಬರು ಕೈಗವಸನ್ನು ಎರಡು ಬೆರಳಲ್ಲಿ ಎಳೆದರು. ಅದು ಹಸಿ ಹಿಟ್ಟಿನ ಹಾಗೆ ಹಿಗ್ಗಿ ಹರಿಯಿತು.

"ಇದಕ್ಕೆ ಎಣ್ಣೆ ಹತ್ತಿದೆಯಲ್ಲಪ್ಪ. ಎಲ್ಲಿಟ್ಟಿದ್ದೆ ಇದನ್ನ?"

ಅಪ್ಪ ಮಲಗಿದ್ದಲ್ಲಿಂದಲೇ ಕೈಗವಸನ್ನು ನೋಡಿದ. ಕಾಕಾ ಅದನ್ನು ಅವನ ಮುಖದ ಹತ್ತಿರ ಹಿಡಿದ. ಕುಸುಬೆ ಎಣ್ಣೆಯ ವಾಸನೆ ನನ್ನ ತನಕ ಬಂತು. ನಮ್ಮ ಒಗ್ಗರಣೆಯ, ಅವ್ವನ ಹೆರಳಿನ ವಾಸನೆ. ಅಪ್ಪ ಕಣ್ಣು ಮುಚ್ಚಿ ತೆರೆದ.

"ಆಫೀಸಿನ್ಯಾಗ ಟ್ರಾನ್ಸ್‌ಫಾರ್ಮರ್ ಎಣ್ಣಿ ಡಬ್ಬಿ ಬಾಜೂಕ ಇಟ್ಟಿದ್ದೆ ಸಾಹೇಬ್ರ. ಚೆಲ್ಲಿರಬೇಕು. ತಪ್ಪು ನಂದ."

ಸಾಹೇಬರು ತಲೆಯಾಡಿಸಿ ಹೋದರು. ಕಾಕಾ ಕೈಗವಸನ್ನು ಮತ್ತೆ ಕಾಗದದಲ್ಲಿ ಸುತ್ತುತ್ತ ಅಪ್ಪನನ್ನೇ ನೋಡುತ್ತಿದ್ದ. ಅವನೂ ನಮ್ಮ ಮನೆಯಲ್ಲಿ ಉಂಡವನೇ, ಆ ವಾಸನೆ ಅವನಿಗೂ ಗೊತ್ತು. ಅಪ್ಪ ಮೊದಲು ಅವನನ್ನು, ಆಮೇಲೆ ನನ್ನನ್ನು ನೋಡಿದ.

"ಅಕಿಗೆ ಗೊತ್ತಾಗಬಾರ್ದು. ಗೊತ್ತಾದ್ರ ಅಕಿ ಬದುಕಂಗಿಲ್ಲ. ತಿಳೀತಿಲ್ಲೋ ರೇಣವ್ವ?"

ನಾನು ಹೂಂ ಅಂದೆ. ಅವ್ವ ಚಹಾದ ತಂಬಿಗೆ ಹಿಡಿದು ಒಳಗೆ ಬಂದಳು. "ಯಾಕ ಎಲ್ಲಾರೂ ಸುಮ್ಮನ ಕುಂತೀರಿ? ದೇವರು ಉಳಿಸಿ ಕೊಟ್ಟಾನ, ನಗ್ರಿ ಒಂದೀಟು," ಅಂದಳು. ನಾವು ಮೂವರೂ ಚಹಾ ಕುಡಿದೆವು. ಆ ಚಹಾದ ರುಚಿ ನನಗೆ ಇವತ್ತಿಗೂ ಬಾಯಲ್ಲಿದೆ, ಕೆಟ್ಟ ರುಚಿ.

ಮನೆಗೆ ಬಂದ ಮೇಲೆ ಅಪ್ಪನನ್ನು ಆಫೀಸಿನ ಒಳಗೆ, ಜನರ ದೂರು ಕೇಳುವ ಫೋನಿನ ಮುಂದೆ ಕೂರಿಸಿದರು. ಕಂಬ ಹತ್ತುವುದಿಲ್ಲ, ಮಳೆ ಗಾಳಿಗೆ ಓಡುವುದಿಲ್ಲ. ಅವ್ವನಿಗೆ ಇದಕ್ಕಿಂತ ಸುಖ ಬೇಕಿರಲಿಲ್ಲ. ಆದರೆ ಅಪ್ಪ ಬೈಯುವುದನ್ನು ಬಿಟ್ಟುಬಿಟ್ಟ. ಮೊದಮೊದಲು ನೋವಿಗೆ ಹೀಗಿದ್ದಾನೆ ಅಂದುಕೊಂಡೆವು. ನೋವು ಹೋಯಿತು, ಬೈಗುಳ ಬರಲಿಲ್ಲ. ತಾಟಿನಲ್ಲಿ ಹಾಕಿದ್ದನ್ನು ಉಂಡು "ಛಲೋ ಆಗೈತಿ" ಅನ್ನುತ್ತಿದ್ದ. ನೀರು ಕಾಯದಿದ್ದರೆ ತಣ್ಣೀರು ಹಾಕಿಕೊಳ್ಳುತ್ತಿದ್ದ. ಗುಂಡಿ ಹೋದರೆ ಹೋದ ಹಾಗೇ ಅಂಗಿ ತೊಡುತ್ತಿದ್ದ. ಬಾಯಿ ತೆರೆದರೆ ಯಾವ ಮಾತಿನ ಬೆನ್ನಿಗೆ ಆ ಮಾತು ಜಾರಿಬಿಡುತ್ತದೋ ಅಂತ ಅವನಿಗೆ ಭಯ. ಇದು ನನಗೆ ಗೊತ್ತಿತ್ತು, ಏಕೆಂದರೆ ನನಗೂ ಅದೇ ಭಯ. ಅವ್ವನ ಕಣ್ಣಿಗೆ ಮಾತ್ರ ಗಂಡ ನೆಂಟನ ಹಾಗೆ ಕಾಣತೊಡಗಿದ, ಕೊಟ್ಟದ್ದು ಉಂಡು ಥ್ಯಾಂಕ್ಸ್ ಹೇಳಿ ಎದ್ದುಹೋಗುವ ನೆಂಟ. ಒಂದು ದಿನ ಅವಳು ಬೇಕೆಂದೇ ಕಡಲೆಹಿಟ್ಟಿನ ಝುಣಕಕ್ಕೆ ಉಪ್ಪು ಹಾಕಲಿಲ್ಲ. ನಾನು ಮೊದಲ ತುತ್ತಿಗೇ ಅವಳ ಮುಖ ನೋಡಿದೆ. ಅವಳು ಬಾಯಿ ಮುಚ್ಚು ಅಂತ ಕಣ್ಣು ಮಾಡಿದಳು. ಅಪ್ಪ ಪೂರ್ತಿ ಉಂಡ.

"ಹೆಂಗಾಗೈತಿ?" ಅಂದಳು ಅವ್ವ.

"ಛಲೋ ಆಗೈತಿ."

ಅವ್ವ ತನ್ನ ತಾಟನ್ನು ಮುಂದೆ ಸರಿಸಿ ಎದ್ದುಹೋದಳು. ಬಚ್ಚಲಲ್ಲಿ ಪಾತ್ರೆ ತಿಕ್ಕುವ ಸದ್ದು ಬಹಳ ಹೊತ್ತು ಬರುತ್ತಿತ್ತು. ಅವತ್ತು ತಿಕ್ಕುವಷ್ಟು ಪಾತ್ರೆ ಇರಲಿಲ್ಲ.

ಅದಕ್ಕಿಂತ ಕಠಿಣ ಸಂಗತಿ ಇನ್ನೊಂದಿತ್ತು. ಉಳಿದ ಬೆರಳುಗಳು ಸೆಟೆದುಕೊಂಡು ಮಡಚಲು ಬಾರದಿದ್ದುದರಿಂದ ಎಣ್ಣೆ ಹಚ್ಚಿ ತಿಕ್ಕಿರಿ ಅಂತ ಡಾಕ್ಟರು ಹೇಳಿದ್ದರು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅವ್ವ ಕುಸುಬೆ ಎಣ್ಣೆಯನ್ನು ಬೆಚ್ಚಗೆ ಮಾಡಿ ಅದೇ ಬಟ್ಟಲಲ್ಲಿ ತರುತ್ತಿದ್ದಳು. ಅಪ್ಪ ಎಡಗೈ ಚಾಚುತ್ತಿದ್ದ. ಅವಳು ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ತಿಕ್ಕುತ್ತಿದ್ದಳು. ಬೆರಳಿಲ್ಲದ ಕಡೆ ಬಂದಾಗ ಅವಳ ಕೈ ತುಸು ನಿಂತು ಮುಂದೆ ಹೋಗುತ್ತಿತ್ತು. ಅಪ್ಪ ಗೋಡೆಯ ಕಡೆ ನೋಡುತ್ತಿದ್ದ. ನನಗೆ ಅಲ್ಲಿ ಕೂರಲು ಆಗುತ್ತಿರಲಿಲ್ಲ. ಏನಾದರೂ ನೆಪ ಮಾಡಿ ಹೊರಗೆ ಕಟ್ಟೆಗೆ ಬರುತ್ತಿದ್ದೆ. ಓಣಿಯ ಎಲ್ಲ ಮನೆಗಳಲ್ಲೂ ಯಾರಾದರೂ ಯಾರಿಗಾದರೂ ಬೈಯುತ್ತಿರುತ್ತಿದ್ದರು. ನಮ್ಮ ಮನೆಯಿಂದ ಮಾತ್ರ ಏನೂ ಕೇಳುತ್ತಿರಲಿಲ್ಲ. ಗೆಳತಿಯರಿಗೆ ಹೇಳೋಣವೆಂದರೆ ಹೇಳುವ ಮಾತಲ್ಲ. ಕಾಕಾ ಬರುವುದನ್ನು ಕಡಿಮೆ ಮಾಡಿದ್ದ, ಬಂದರೂ ಅವ್ವನ ಮುಖ ನೋಡದೆ ಉಂಡು ಹೋಗುತ್ತಿದ್ದ. ಆ ವಯಸ್ಸಿನಲ್ಲಿ ಅಷ್ಟು ಒಂಟಿತನ ಯಾರಿಗೂ ಬರಬಾರದು. ಮನೆಯಲ್ಲಿ ಮೂರು ಜನ ಇದ್ದೆವು, ಮೂರು ಜನವೂ ಒಬ್ಬೊಬ್ಬರೇ ಇದ್ದೆವು.

ಒಂದು ದಿನ ನನ್ನ ಹೆರಳು ಹಾಕುತ್ತ ಅವ್ವ ಕೇಳಿದಳು:

"ರೇಣಿ, ನಿಮ್ಮಪ್ಪಗ ನಾ ಬ್ಯಾಸರ ಆಗೀನೇನ?"

"ಇಲ್ಲ ಬಿಡಬೇ."

"ಮತ್ತ ಯಾಕ ಬೈಯಂಗಿಲ್ಲ? ಬೈಯಾಕೂ ಬ್ಯಾಡಾದ್ನೇನ?"

ನನ್ನ ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ಒಳಗೇ ಹಿಡಿದೆ. ಅವಳು ಹೆರಳನ್ನು ಬಿಗಿಯಾಗಿ ಎಳೆದು ಕಟ್ಟಿದಳು. ನೋವಾಗಿ ಕಣ್ಣಲ್ಲಿ ನೀರು ಬಂತು. ಹೆರಳಿನ ನೆಪ ಸಿಕ್ಕಿತೆಂದು ಚೆನ್ನಾಗಿ ಅತ್ತೆ.

ಕೈ ಸ್ವಲ್ಪ ಹತೋಟಿಗೆ ಬಂದ ಮೇಲೆ ಅಪ್ಪ ಮತ್ತೆ ಲೈನಿನ ಕೆಲಸ ಕೇಳಿಕೊಂಡ. ಫೋನಿನ ಮುಂದೆ ಕುಳಿತು ಅವನಿಗೆ ಸಾಕಾಗಿತ್ತು, ಮನೆಯಲ್ಲಿ ಕುಳಿತು ಇನ್ನೂ ಸಾಕಾಗಿತ್ತು. ಹೊಸ ಕೈಗವಸು ಕೊಟ್ಟರು. ಈ ಸಲ ಅವನು ಅದನ್ನು ಮನೆಗೆ ತರಲಿಲ್ಲ. ಅವ್ವ ನಾಗೊಂದಿಗೆಯ ಮೇಲೆ ಅದೇ ಜಾಗವನ್ನು ಒರೆಸಿ ಕಾಯುತ್ತಿದ್ದಳು.

"ಆಫೀಸಿನ್ಯಾಗ ಇಡಬೇಕಂತ, ಹೊಸಾ ರೂಲ್ ಬಂದೈತಿ," ಅಂದ ಅಪ್ಪ.

"ನಾ ಕೂಸಿನಂಗ ನೋಡ್ಕೊಂಡಿದ್ನೆಲ್ರಿ? ಆಫೀಸಿನ್ಯಾಗ ಯಾರ ನೋಡ್ತಾರ ಅದನ್ನ?"

"ರೂಲ್ ಐತಿ, ಏನ್ ಮಾಡೂದು."

ಮೊದಲಾಗಿದ್ದರೆ ಇಷ್ಟು ಮಾತಿಗೆ ಮಾಳಿಗೆಯ ಮಣ್ಣು ಉದುರುವಂಥ ಜಗಳ ಆಗುತ್ತಿತ್ತು. ಈಗ ಅಪ್ಪ ಅಷ್ಟಕ್ಕೇ ಎದ್ದು ಹೊರಗೆ ಹೋದ. ಅವ್ವ ಒರೆಸಿದ ಜಾಗದಲ್ಲಿ ಒಂದು ಕೊಡವನ್ನು ಎಳೆದಿಟ್ಟಳು.

ಅದೇ ದಿನಗಳಲ್ಲಿ ಆಫೀಸಿಗೆ ಹೊಸ ಸಾಹೇಬರು ಬಂದಿದ್ದರು, ಮೈಸೂರು ಕಡೆಯವರು. ಕೆಲಸದಲ್ಲಿ ಎಚ್ಚರ ಅನ್ನುವುದು ಮನೆಯಿಂದಲೇ ಶುರುವಾಗಬೇಕು ಅಂತ ಒಂದು ಭಾನುವಾರ ಎಲ್ಲರ ಮನೆಯವರನ್ನೂ ಕರೆದರು. ಅಪ್ಪ ಮನೆಯಲ್ಲಿ ಹೇಳಲೇ ಇಲ್ಲ. ಪಕ್ಕದ ಓಣಿಯ ಇನ್ನೊಬ್ಬ ಲೈನ್‌ಮನ್‌ನ ಹೆಂಡತಿ ನೀರಿನ ನಳದ ಹತ್ತಿರ ಹೇಳಿಬಿಟ್ಟಳು. ಅವ್ವ ಇಳಕಲ್ ಸೀರೆ ಉಟ್ಟು ಹೊರಟು ನಿಂತಳು. "ನೀ ಬಂದೇನ್ ಮಾಡ್ತಿ, ಬಿಸಲಾಗ?" ಅಂತ ಅಪ್ಪ ಅಂದ. "ಎಲ್ಲಾರ ಹೆಂಡ್ರೂ ಬರ್ತಾರ. ನಾ ಬರಬಾರ್ದೇನು?" ಅಂದಳು ಅವ್ವ. ಅಪ್ಪ ಸೈಕಲ್ಲು ಹೊರಗೆ ತೆಗೆದ. ದಾರಿಯುದ್ದಕ್ಕೂ ಅವನು ಸೈಕಲ್ ನೂಕಿಕೊಂಡು ನಮಗಿಂತ ಹಿಂದೆ ಬಂದ.

ಆಫೀಸಿನ ಅಂಗಳದಲ್ಲಿ ಬೇವಿನ ಮರದ ನೆರಳಿಗೆ ಜಮಖಾನೆ ಹಾಸಿದ್ದರು. ಹೆಂಗಸರು ಮುಂದೆ, ಗಂಡಸರು ಹಿಂದೆ ಗೋಡೆಗೆ ಒರಗಿ. ಸಾಹೇಬರು ಒಳ್ಳೆಯವರು, ನಿಧಾನವಾಗಿ ತಿಳಿಯುವ ಹಾಗೆ ಹೇಳುತ್ತಿದ್ದರು. ಒದ್ದೆ ಕಾಲಲ್ಲಿ ನಿಲ್ಲಬಾರದು, ಒಬ್ಬರೇ ಹೋಗಬಾರದು, ಫ್ಯೂಸು ಕಿತ್ತವನ ಕಿಸೆಯಲ್ಲೇ ಇರಬೇಕು. ಇದಕ್ಕೆ ಅವ್ವ ಜೋರಾಗಿ ತಲೆಯಾಡಿಸಿದಳು, ಇದೆಲ್ಲ ತನಗೆ ಮೊದಲೇ ಗೊತ್ತು ಅನ್ನುವ ಹಾಗೆ. ಆಮೇಲೆ ಅವರು ಕೈಗವಸು ಎತ್ತಿಕೊಂಡರು. ಸುರುಳಿ ಸುತ್ತಿ ಗಾಳಿ ಹಿಡಿಸಿ ತೋರಿಸಿದರು. ಬಿಸಿಲಿಗೆ ಒಣಗಿಸಬೇಡಿ, ನೆರಳಿಗೆ ಹಾಕಿ ಅಂದರು. ಎಣ್ಣೆ, ತುಪ್ಪ, ಗ್ರೀಸು ಯಾವುದೂ ತಾಗಬಾರದು ಅಂದರು. ಅವ್ವನ ತಲೆ ಆಡುವುದು ನಿಂತಿತು. ಅವಳು ಸೆರಗು ಸರಿಮಾಡಿಕೊಂಡು, ಶಾಲೆಯ ಮಕ್ಕಳ ಹಾಗೆ ಕೈ ಮೇಲೆತ್ತಿದಳು.

"ಸಾಹೇಬ್ರ, ಕುಸುಬಿ ಎಣ್ಣಿನೂ ಹಚ್ಚಬಾರ್ದೇನ್ರಿ?"

"ಯಾವ ಎಣ್ಣೆಯೂ ಬೇಡ ತಾಯಿ. ಎಣ್ಣೆ ಹಚ್ಚಿದ ಕೈಗವಸು ಹಾಕಿಕೊಳ್ಳೋದೂ ಒಂದೇ, ಬರಿಗೈಯಲ್ಲಿ ಮುಟ್ಟೋದೂ ಒಂದೇ. ಬರಿಗೈ ಆದರೆ ಮನುಷ್ಯ ಹೆದರಿಕೊಂಡಾದರೂ ಇರುತ್ತಾನೆ."

ಹಿಂದೆ ಯಾರೋ ಹೌದೌದು ಅಂದರು. ಅವ್ವ ಕೈ ಇಳಿಸಿದಳು. ತಿರುಗಿ ಅಪ್ಪನನ್ನು ನೋಡಿದಳು. ಅಪ್ಪ ಎಡಗೈಯನ್ನು ಬಗಲಿಗೆ ಸಿಕ್ಕಿಸಿಕೊಂಡು ನೆಲ ನೋಡುತ್ತಿದ್ದ. ಕಾಕಾನನ್ನು ನೋಡಿದಳು. ಅವನು ಎದ್ದು ಮರದ ಆಚೆ ಹೋದ. ಕೊನೆಗೆ ಪಕ್ಕದಲ್ಲಿ ಕುಳಿತ ನನ್ನನ್ನು ನೋಡಿದಳು. ನಾನು ಮುಖ ತಿರುಗಿಸಬೇಕಿತ್ತು, ತಿರುಗಿಸಲಾಗಲಿಲ್ಲ. ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯಿತು. ಮಂಡಕ್ಕಿ, ಚಹಾ ಕೊಟ್ಟರು. ಅವಳು ಮಂಡಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ಮನೆಗೆ ನಡೆದಳು.

ಮನೆಯಲ್ಲಿ ಒಲೆ ಹೊತ್ತಿಸಿ, ಹಿಟ್ಟು ನಾದಿ, ರೊಟ್ಟಿ ಬಡಿದಳು. ಇಬ್ಬರಿಗೂ ತಾಟು ಹಾಕಿ, ತಾನು ಎದುರಿಗೆ ಕುಳಿತಳು.

"ದವಾಖಾನ್ಯಾಗ ಇದ್ದಾಗಿಂದ ಗೊತ್ತಿತ್ತೇನ್ರಿ?"

ಅಪ್ಪ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟ.

"ದಿನಾ ನನ್ನ ಕೈಲೆ ಅದ ಎಣ್ಣಿ ತಿಕ್ಕಿಸ್ಕೊಂಡ್ರಿ. ಒಂದ ದಿನಾನೂ ಹೇಳಬೇಕನಸಲಿಲ್ಲಾ?"

"ಏನಂತ ಹೇಳ್ಲಿ? ನನ್ನ ಉಳಿಸಾಕಂತ ಮಾಡಿದಿ. ತಪ್ಪು ನಂದೂ ಐತಿ, ಸ್ವಿಚ್ ಇಳಿಸಬೇಕಿತ್ತು."

"ಅದನ್ನ ಹೇಳಬ್ಯಾಡ್ರಿ. ನಾ ಯಾಕ ಮಾಡಿದೆ ಅಂತ ನನಗ ಗೊತ್ತೈತಿ. ನೀವು ಬೈರಿ."

"ನೀಲವ್ವ..."

"ಬೈರಿ. ಉಪ್ಪಿಗೆ ಬೈತಿದ್ರಿ, ಗುಂಡಿಗೆ ಬೈತಿದ್ರಿ. ಎರಡು ಬೆರಳು ಕಳದೀನಿ, ಇದಕ್ಕ ಬೈಯಂಗಿಲ್ಲೇನು? ಬೈದಿದ್ರ ಅವತ್ತ ಹಗರ ಆಗಿ ಹೋಗ್ತಿದ್ದೆ. ಇಷ್ಟ ದಿನ ನನ್ನ ಒಬ್ಬಾಕಿನ್ನ ಕತ್ತಲಾಗ ಇಟ್ರಿ."

ಅಪ್ಪ ಬಾಯಿ ತೆರೆದ. ಏನೋ ಹೇಳಲು ನೋಡಿದ. ಮಾತು ಬರಲಿಲ್ಲ. ಬೈಯುವುದನ್ನು ಅವನು ಮರೆತೇಬಿಟ್ಟಿದ್ದ. ಅವ್ವ ಅವನ ಬಾಯನ್ನೇ ನೋಡುತ್ತ ಕಾಯುತ್ತಿದ್ದಳು. ಅಷ್ಟು ದಿನ ಹಲ್ಲು ಕಚ್ಚಿ ಹಿಡಿದದ್ದೆಲ್ಲ ನನ್ನ ಬಾಯಿಂದ ಹೊರಬಿತ್ತು.

"ಯಾಕ ಹಚ್ಚಿದಿ ಬೇ ಎಣ್ಣಿ? ಯಾರ ಹೇಳಿದ್ರು ನಿನಗ? ಅಪ್ಪನ್ನ ಒಂದ ಮಾತ ಕೇಳಬೇಕಿತ್ತೋ ಇಲ್ಲೋ? ಅದೇನ್ ಎತ್ತಿನ ಮಿಣಿ ಅಂತ ತಿಳಕೊಂಡಿದ್ದೇನು? ಎಲ್ಲಾ ನನಗ ತಿಳೀತೈತಿ, ಎಲ್ಲಾ ನನಗ ತಿಳೀತೈತಿ ಅಂತಿದ್ದಿ. ಏನ್ ತಿಳೀತೈತಿ ನಿನಗ? ಅಪ್ಪ ಸತ್ತಿದ್ರ ಏನ್ ಮಾಡ್ತಿದ್ದಿ?"

ಅವ್ವ ನನ್ನ ಕಡೆ ತಿರುಗಿ ಕುಳಿತಳು. ಪ್ರತಿ ಮಾತಿಗೂ ಹೂಂ ಅಂದಳು. ದೇವರ ಮುಂದೆ ಕುಳಿತು ಕೇಳುವವರ ಹಾಗೆ, ಕೈ ಮಡಿಲಲ್ಲಿಟ್ಟುಕೊಂಡು, ಹೂಂ, ಹೂಂ.

"ಸಾಕ್ ಬಿಡ ರೇಣವ್ವ," ಅಂದ ಅಪ್ಪ.

"ಬೈಲಿ ಬಿಡ್ರಿ. ಈ ಮನ್ಯಾಗ ಯಾರರೆ ಒಬ್ರು ಬೈಬೇಕಿತ್ತು."

ನನ್ನ ಮಾತು ತೀರಿದಾಗ ಅಪ್ಪ ಅಳುತ್ತಿದ್ದ. ಅವ್ವ ಎದ್ದು ಹೋಗಿ ಅವನ ಪಕ್ಕದಲ್ಲಿ ಕುಳಿತು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ತಾನೂ ಅತ್ತಳು. ಇಬ್ಬರೂ ಒಬ್ಬರಿಗೊಬ್ಬರು ಒರಗಿಕೊಂಡು ಅಳುತ್ತಿದ್ದರು. ನಾನು ನನ್ನ ತಾಟಿನ ಮುಂದೆ ಕುಳಿತೇ ಇದ್ದೆ. ನನ್ನನ್ನು ಯಾರೂ ಕರೆಯಲಿಲ್ಲ, ಕರೆಯುವುದು ಅವರಿಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ಚಟ್ನಿ ಖಾರವಾಯಿತೆಂದು ಅಪ್ಪ ತಕರಾರು ತೆಗೆದ. "ನೀರ್ ಕುಡ್ರಿ, ಇಳೀತೈತಿ," ಅಂದಳು ಅವ್ವ. ಹೊಸದಾಗಿ ನಡೆಯಲು ಕಲಿತವರ ಹಾಗೆ ಶುರುಮಾಡಿ, ಹಬ್ಬ ಬರುವುದರೊಳಗೆ ಇಬ್ಬರೂ ಮೊದಲಿನ ಜೋರಿಗೆ ಬಂದರು. ಅಪ್ಪ ನಿವೃತ್ತನಾಗುವ ತನಕ ಕಂಬ ಹತ್ತಿದ, ಮತ್ತೆ ಒಂದು ಗೀರೂ ಆಗಲಿಲ್ಲ. ಆಮೇಲೆ ಬಹಳ ವರ್ಷಕ್ಕೆ ಸಕ್ಕರೆ ಕಾಯಿಲೆಯಿಂದ ಹೋದ. ಹೋಗುವ ಹಿಂದಿನ ದಿನವೂ ಗಂಜಿ ತೆಳ್ಳಗಾಗಿದೆ ಅಂತ ಅವ್ವನಿಗೆ ಬೈದಿದ್ದ.

ಮೊದಲು ಸಣ್ಣಪುಟ್ಟದ್ದಕ್ಕೂ ನನಗೆ ಬೈಯುತ್ತಿದ್ದ ಅವ್ವ ಅವತ್ತಿನಿಂದ ನನ್ನನ್ನು ಮಾತ್ರ ಬೈಯಲಿಲ್ಲ. ಅದು ನನಗೆ ತಿಳಿಯಲು ತಡವಾಯಿತು. ಹಿತ್ತಾಳೆ ಕೊಡ ಬೀಳಿಸಿ ನಗ್ಗಿಸಿದೆ, ಇರಲಿ ಬಿಡವಾ ಅಂದಳು. ಗಣಿತದಲ್ಲಿ ನಪಾಸಾದೆ, ಮುಂದಿನ ಸಲ ಆಕ್ಕೈತಿ ಅಂದಳು. ಅವರಿಬ್ಬರಿಗೂ ಒಪ್ಪದ ಹುಡುಗನನ್ನು ಮದುವೆಯಾಗುತ್ತೇನೆಂದಾಗ ಅಪ್ಪ ಮನೆ ಎತ್ತಿ ಇಳಿಸಿದ, ಅವ್ವ ನನ್ನ ಮುಖವನ್ನು ಒಂದು ಸಲ ನೋಡಿ ಒಳಗೆ ಹೋದಳು. ನಾನು ಕಾದೆ, ಅವಳು ಹೊರಗೆ ಬರಲಿಲ್ಲ. ನನ್ನ ಬಾಯಿಂದ ಅವತ್ತು ಅವಳು ಬೇಡಿದ್ದೇ ಬಂದಿತ್ತು, ಅವಳೇ ಬೈಯಲಿ ಬಿಡಿ ಅಂದಿದ್ದಳು. ಆದರೂ ಕೇಳಿಸಿಕೊಂಡ ಮೇಲೆ ಅವಳಿಗೆ ನಾನು ಮಗಳಾಗಿ ಉಳಿಯಲಿಲ್ಲ, ತನ್ನ ಬಗ್ಗೆ ತೀರ್ಪು ಹೇಳಿದವಳಾದೆ. ನನ್ನೆದುರು ದನಿ ಏರಿಸಲು ಅವಳಿಗೆ ಹಕ್ಕಿಲ್ಲ ಅಂತ ಅವಳೇ ಒಳಗೊಳಗೆ ಬರೆದುಕೊಂಡುಬಿಟ್ಟಿದ್ದಾಳೆ. ನಾನು ಎಷ್ಟೋ ಸಲ ಕೆಣಕಿದ್ದೇನೆ. ಕೆಣಕಿದಷ್ಟೂ ಅವಳು ಮೆತ್ತಗಾಗುತ್ತಾಳೆ.

ಅವಳು ಈಗ ಗದಗಿನಲ್ಲಿ ನನ್ನ ಜೊತೆಗೇ ಇದ್ದಾಳೆ. ಕಣ್ಣು ಮಂದವಾಗಿದೆ, ಬಾಯಿ ಆಗಿಲ್ಲ. ಹಾಲಿನವನಿಗೆ ಬೈಯುತ್ತಾಳೆ, ಟಿವಿಯವರಿಗೆ ಬೈಯುತ್ತಾಳೆ, ಎಲ್ಲರಿಗಿಂತ ಹೆಚ್ಚು ನನ್ನ ಮಗಳಿಗೆ ಬೈಯುತ್ತಾಳೆ. "ಕಣ್ಣ ಎಲ್ಲಿ ಇಟ್ಟೀದಿ ಲೇ, ಹಾಲ ಉಕ್ಕಿ ಹೊಂಟೈತಿ. ನಿಮ್ಮವ್ವನ ಹೊಟ್ಟ್ಯಾಗ ಹೆಂಗ ಹುಟ್ಟಿದಿ ನೀ?" ಮಗಳು ಸಿಡುಕುತ್ತ ಬಂದು ನನ್ನ ಮುಂದೆ ದೂರುತ್ತಾಳೆ, "ಆಯಿ ಬರೇ ನನಗ ಬೈತಾಳ ನೋಡ." ಹೋಗು, ಹಾಲು ಒರೆಸು ಅಂತ ಅವಳನ್ನು ಮತ್ತೆ ಒಳಗೆ ಕಳಿಸುತ್ತೇನೆ. ಬೈಗುಳ ಇನ್ನೊಮ್ಮೆ ಮೊದಲಿನಿಂದ ಶುರುವಾಗುತ್ತದೆ. ನಾನು ಟಿವಿಯ ದನಿ ತಗ್ಗಿಸಿ, ಅಡುಗೆಮನೆಯ ಬಾಗಿಲ ಮರೆಗೆ ಹೋಗಿ ನಿಂತು ಕೇಳುತ್ತೇನೆ. ನನ್ನ ಮಗಳ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತದೆ.